ಕಂದು ಹರಳಿನ ಎರಡನೇ ರಿಪೋರ್ಟ್

ಮಾರ್ಚ್ 3, ಸೋಮವಾರ
ಬೆಳಿಗ್ಗೆ ಐದು ಕೆಂಪು ಹರಳು ಟೆಸ್ಟ್ ಮಾಡಿದೆ. ಐದೂ ಗಾಜು. ತಂದವನ ಮುಖ ನೋಡಲಾಗಲಿಲ್ಲ.
ಆಮೇಲೆ ಪಕ್ಕದ ಬೀದಿಯ ಟೈಲರಮ್ಮ ಬಂದರು. ಪುಟ್ಟ ಡಬ್ಬಿಯಲ್ಲಿ ಅವರಮ್ಮನ ಕಂದು ಹರಳು. ಜೊತೆಗೆ ಮೂವತ್ತೊಂದು ವರ್ಷದ ಹಿಂದೆ ಇದೇ ಲ್ಯಾಬಿನಲ್ಲಿ ನಮ್ಮಪ್ಪ ಬರೆದುಕೊಟ್ಟ ರಿಪೋರ್ಟ್—‘ಪೆರಿಡಾಟ್’, ಅಷ್ಟೇನೂ ಅಪರೂಪವಲ್ಲದ ರತ್ನ. ಕಾಗದ ಮಡಿಕೆಯಲ್ಲೇ ಹರಿದಿದೆ.
“ಇದನ್ನೇ ಹೊಸ ಕಾಗದದಲ್ಲಿ ಬರ್ಕೊಡಿ, ಸಾಕು.”
ಗುರುವಾರ ಬನ್ನಿ ಎಂದೆ.

ಅದೇ ದಿನ, ಸಂಜೆ 4
ನಕಲು ಮಾಡಿದ್ದರೆ ಮುಗಿಯುತ್ತಿತ್ತು. ಹಾಳು ಅಭ್ಯಾಸ, ನೀರಿನಲ್ಲಿ ತೂಗಿದೆ. ಸಾಂದ್ರತೆ 3.48. ಪೆರಿಡಾಟ್ 3.34ರ ಆಸುಪಾಸು ಇರಬೇಕು. ಮತ್ತೆ ತೂಗಿದೆ. ಅದೇ.

ಮಾರ್ಚ್ 4
ಬೆಳಕು ಎಷ್ಟು ಬಾಗುತ್ತದೆಂದು ಅಳೆದೆ. ರೀಡಿಂಗ್ ಪೆರಿಡಾಟ್‌ಗೆ ಹತ್ತಿರವೇ. ಆದರೆ ಹರಳು ತಿರುಗಿಸಿದರೆ ಮೀಟರಿನ ಎರಡು ಗೆರೆಯಲ್ಲಿ ಒಂದು ಓಡಾಡುತ್ತದೆ, ಇನ್ನೊಂದು ಜಪ್ಪಯ್ಯ ಎಂದರೂ ಕದಲುವುದಿಲ್ಲ. ಪೆರಿಡಾಟ್‌ನಲ್ಲಿ ಎರಡೂ ಸರಿಯಬೇಕು. ಸ್ಪೆಕ್ಟ್ರೋಸ್ಕೋಪಿನಲ್ಲಿ ನೀಲಿಯ ಕಡೆ ಮೂರು ಕಪ್ಪು ಪಟ್ಟಿ ಇರಬೇಕಾದಲ್ಲಿ ನಾಲ್ಕು.
ಸಿನ್‌ಹಲೈಟ್! ಹದಿನೆಂಟು ವರ್ಷದಲ್ಲಿ ಮೊದಲನೆಯದು. ಮೆಗ್ನೀಸಿಯಂ, ಅಲ್ಯೂಮಿನಿಯಂ, ಬೋರಾನ್. ಸುಣ್ಣಕಲ್ಲಿನ ಪದರಕ್ಕೆ ಕುದಿಯುವ ಗ್ರಾನೈಟ್ ತಗುಲಬೇಕು, ಬೋರಾನ್ ಬಂದು ಸೇರಬೇಕು, ಬೆಟ್ಟ ಸವೆದು ಹೊಳೆಯ ಜಲ್ಲಿಯಲ್ಲಿ ಯಾರದ್ದೋ ಕೈಗೆ ಸಿಗಬೇಕು. 1952ರವರೆಗೆ ಇಡೀ ಜಗತ್ತೇ ಇದನ್ನು ಕಂದು ಪೆರಿಡಾಟ್ ಎಂದುಕೊಂಡಿತ್ತು. ಅಪ್ಪ ಬರೆದದ್ದು ಅದಾಗಿ ನಲವತ್ತು ವರ್ಷದ ಮೇಲೆ. ಆ ನೆಪವೂ ಇಲ್ಲ.
ಸುಳ್ಳೇಕೆ, ಒಂದು ಕ್ಷಣ ಖುಷಿಯಾಯಿತು. ಅಪ್ಪನೂ ತಪ್ಪಿದ್ದಾರಲ್ಲ! ಮರುಕ್ಷಣ ಅವರ ರಿಪೋರ್ಟ್ ಮಡಚಿ ಡ್ರಾಯರಿಗೆ ಹಾಕಿದೆ. ಕೈ ನಡುಗುತ್ತದೆಂದು ಅಪ್ಪ ಕೆಲಸ ಬಿಟ್ಟು ಎರಡು ವರ್ಷ. ಅವರಿಗೆ ಉಳಿದಿರುವುದು ಒಂದೇ—ಅವರು ಹೇಳಿದ್ದು ಸುಳ್ಳಾಗಿಲ್ಲ ಎನ್ನುವ ಹೆಸರು.

ಮಾರ್ಚ್ 5
ಎರಡು ರಿಪೋರ್ಟ್ ಬರೆದಿಟ್ಟಿದ್ದೇನೆ. ಒಂದರಲ್ಲಿ ಪೆರಿಡಾಟ್, ಒಂದರಲ್ಲಿ ಸಿನ್‌ಹಲೈಟ್. ಯಾವುದಕ್ಕೂ ಸೈನ್ ಇಲ್ಲ.
ಅಪ್ಪ ಎಂದಿನಂತೆ ಹನ್ನೊಂದಕ್ಕೆ ಬಂದು ಲೆನ್ಸ್ ಒರೆಸಿದರು.
“ಏನಮ್ಮ, ಇಂಗು ತಿಂದ ಮಂಗನ ಹಾಗಿದ್ದೀಯ?”
“ಏನಿಲ್ಲಪ್ಪ.”
ಹೇಡಿ ನಾನು.

ಮಾರ್ಚ್ 10, ಸೋಮವಾರ
ಗುರುವಾರ ಟೈಲರಮ್ಮನಿಗೆ ಮೆಷಿನ್ ಕೆಟ್ಟಿದೆ ಎಂದು ಸಾಗಹಾಕಿದ್ದೆ. ಇವತ್ತು ಅವರು ಅಪ್ಪನ ಎದುರಿಗೇ, “ಮೆಷಿನ್ ರಿಪೇರಿ ಆಯ್ತಾ?” ಎಂದುಬಿಟ್ಟರು.
“ಯಾವ ಮೆಷಿನ್?” ಅಪ್ಪ ನನ್ನ ಕಡೆ ತಿರುಗಿದರು.
ಹೇಳಿದೆ. ಎಲ್ಲ ಹೇಳಿದೆ.
ಅಪ್ಪ ಹರಳು ಕೇಳಿದರು. ಚಿಮಟದಿಂದ ಎರಡು ಸಲ ಜಾರಿತು. ನಾನು ಕೈಹಾಕಲಿಲ್ಲ. ತುಂಬ ಹೊತ್ತು ನೋಡಿದರು. ಆಮೇಲೆ ಹಳೇ ರಿಪೋರ್ಟ್ ತೆಗೆದುಕೊಂಡು ತಮ್ಮ ಸೈನ್ ಮೇಲೆ ಗೀಟು ಎಳೆದರು. ಸೊಟ್ಟ ಗೀಟು.
“ತಪ್ಪು ನಂದಮ್ಮ,” ಎಂದರು ಟೈಲರಮ್ಮನಿಗೆ. “ನೋಡಿದ ತಕ್ಷಣ ಗೊತ್ತಾಯ್ತು ಅಂದ್ಕೊಂಡೆ. ತೂಗ್ಲೇ ಇಲ್ಲ.”
“ಅಯ್ಯೋ ಬಿಡಿ ಸಾರ್. ನಮ್ಮಮ್ಮ ಅದನ್ನ ಕಾಫಿ ಕಲ್ಲು ಅಂತಿದ್ಲು. ನೀವಾದ್ರೂ ಒಂದು ಹೆಸರು ಕೊಟ್ರಿ!”
ಮೂವರೂ ನಕ್ಕೆವು. ಅಪ್ಪ ಸ್ವಲ್ಪ ತಡವಾಗಿ. ಹೊಸ ರಿಪೋರ್ಟ್‌ಗೆ ಸೈನ್ ಹಾಕಿ ಕೊಟ್ಟೆ.

ಮಾರ್ಚ್ 11
ಅಪ್ಪ ಬರಲಿಲ್ಲ. ಫೋನೂ ತೆಗೆಯುತ್ತಿಲ್ಲ.

ಮಾರ್ಚ್ 13, ಬೆಳಿಗ್ಗೆ 11.40
ಬಂದರು. ಕಂಕುಳಲ್ಲಿ ಹಳೇ ರಿಜಿಸ್ಟರ್‌ಗಳು. ಎರಡು ದಿನ ಮನೆಯಲ್ಲಿ ಕೂತು ಹುಡುಕಿದ್ದಾರೆ. ‘ಕಂದು ಪೆರಿಡಾಟ್’ ಎಂದು ಬರೆದುಕೊಟ್ಟದ್ದು ಒಟ್ಟು ಹದಿನಾಲ್ಕು.
“ಎಲ್ರನ್ನೂ ಕರೆಸಿ ಮತ್ತೆ ನೋಡ್ಬೇಕು.”
“ಅಪ್ಪ, ಊರಿಗೆಲ್ಲ ಗೊತ್ತಾಗುತ್ತೆ.”
“ಆಗ್ಲಿ. ನಾನಿರೋವಾಗ್ಲೇ ಆಗ್ಲಿ. ಆಮೇಲೆ ನಿನ್ನ ತಲೆ ಮೇಲೆ ಬರೋದು ಬೇಡ.”
ರಿಜಿಸ್ಟರಿನಲ್ಲಿದ್ದ ಮೊದಲ ಮೂರು ಫೋನ್ ನಂಬರ್ ಈಗ ಇಲ್ಲ. ನಾಲ್ಕನೆಯದಕ್ಕೆ ಒಬ್ಬ ಹೆಂಗಸು ಸಿಕ್ಕರು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು.
“ಅಂಥ ವಿಶೇಷದ್ದೇನಲ್ಲ ಅಂತ ನೀವೇ ಹೇಳಿದ್ರಲ್ಲ ಸಾರ್? ಉಂಗುರ ಕರಗಿಸೋಕೆ ಕೊಟ್ಟಾಗ ಕಲ್ಲು ಅಲ್ಲೇ ಬಿಟ್ಬಂದೆ.”
“ಹೌದಮ್ಮ. ನಾನೇ ಹೇಳಿದ್ದು,” ಎಂದರು ಅಪ್ಪ. ಫೋನ್ ಕೆಳಗಿಟ್ಟರು.
ನೀರು ಕುಡಿಯಲು ಒಳಗೆ ಹೋಗಿದ್ದಾರೆ. ಇವತ್ತಿಗೆ ಸಾಕಪ್ಪ ಎನ್ನಬೇಕು, ಬಂದ ಕೂಡಲೇ.
ಬಂದರು. ಕುರ್ಚಿ ಎಳೆದುಕೊಂಡರು.
“ಐದನೇದು ಓದಮ್ಮ.”
ಓದುತ್ತಿದ್ದೇನೆ. ಒಂಬತ್ತು, ಎಂಟು, ನಾಲ್ಕು—