ಅಮ್ಮ ಮುಟ್ಟಗೊಡುತ್ತಿಲ್ಲ

ಮಾರ್ಚ್ ೧೪, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಸಣ್ಣಿ,

ನೀನೂ ನಿನ್ನ ಮನೆಯವರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಈ ಕಾಗದ ವಾರದ ಹಿಂದೆಯೇ ನಿನ್ನ ಕೈ ಸೇರಬೇಕಿತ್ತು. ಮೂರು ಸಲ ಬರೆಯಲು ಕೂತು ಮೂರು ಸಲವೂ ಹರಿದುಹಾಕಿದೆ, ಕ್ಷಮಿಸು. ನನ್ನ ಫೋನ್ ನೀನು ಎತ್ತುವುದಿಲ್ಲ. ಅದಕ್ಕೆ ನನಗೆ ಬೇಸರವಿಲ್ಲ. ಎರಡು ವರ್ಷದ ಹಿಂದೆ, ನಿನ್ನ ಮದುವೆಯ ವಿಷಯಕ್ಕೆ ಅಮ್ಮ ನಿನಗೆ ಹೊಸ್ತಿಲು ತುಳಿಯಬೇಡ ಎಂದಾಗ ನಾನು ತುಟಿ ಬಿಚ್ಚಲಿಲ್ಲ. ಅದಕ್ಕೆ ಇನ್ನೊಂದು ದಿನ ಬೈಯುವೆಯಂತೆ. ಇವತ್ತು ಇದನ್ನು ಪೂರ್ತಿ ಓದು.

ಹೋದ ವಾರ ಗುರುವಾರ ಅಮ್ಮನಿಗೆ ಆಪರೇಷನ್ ಆಯಿತು. ಕರುಳು ಒಂದು ಕಡೆ ಕಟ್ಟಿಕೊಂಡು ಹೊಟ್ಟೆ ಕಲ್ಲಾಗಿತ್ತು. "ನನ್ನ ಕೊಯ್ಸಬೇಡ ಕಣೇ, ಹೀಗೇ ಹೋಗ್ತೀನಿ" ಎಂದು ನನ್ನ ಕೋಟು ಹಿಡಿದು ಬೇಡಿಕೊಂಡಳು. ಆಮೇಲೆ ಜ್ವರ ಏರಿ ಅವಳಿಗೆ ಎಚ್ಚರ ತಪ್ಪುತ್ತಾ ಬಂತು. "ಸಂಜೆವರೆಗೂ ಕಾಯೋಕಾಗಲ್ಲ ಸಿಸ್ಟರ್" ಎಂದರು ಸರ್ಜನ್. ನಾನೇ ರುಜು ಹಾಕಿದೆ.

ಈಗ ನನ್ನದೇ ವಾರ್ಡಿನಲ್ಲಿ, ಕಿಟಕಿ ಪಕ್ಕದ ಹಾಸಿಗೆಯಲ್ಲಿದ್ದಾಳೆ. ಎದೆಗೂಡಿನ ಕೆಳಗಿನಿಂದ ಕಿಬ್ಬೊಟ್ಟೆಯವರೆಗೆ ಹೊಲಿಗೆ. ಎರಡನೆಯ ದಿನ ನೋವಿನ ಇಂಜೆಕ್ಷನ್ ಕೊಟ್ಟಾಗ ಉಸಿರೇ ನಿಲ್ಲುವ ಹಾಗಾಗಿ ಎಲ್ಲರೂ ಓಡಿಬಂದೆವು. ಅಂದಿನಿಂದ ಆ ಔಷಧಿಯನ್ನು ಅಳೆದೂ ಸುರಿದೂ ಕೊಡುತ್ತಾರೆ. ನೋವಿಗೆ ಹೆದರಿ ಅವಳು ಕೆಮ್ಮುವುದಿಲ್ಲ, ಉಸಿರನ್ನು ಆಳಕ್ಕೆ ಎಳೆಯುವುದಿಲ್ಲ, ಎದ್ದು ಕೂರುವುದಿಲ್ಲ. ಎದೆಯಲ್ಲಿ ಕಫ ಕಟ್ಟುತ್ತಿದೆ. "ಇನ್ನೆರಡು ದಿನ ಹೀಗೇ ಮಲಗಿದ್ರೆ ಶ್ವಾಸಕೋಶ ಕೈಕೊಡುತ್ತೆ" ಎಂದು ಸರ್ಜನ್ ನಿನ್ನೆ ಹೇಳಿದರು.

ಇನ್ನು ಉಳಿದಿರುವುದು ನಮ್ಮ ಕೈ. ನಿನಗೆ ನಗು ಬರಬಹುದು, ಆದರೆ ಹನ್ನೆರಡು ವರ್ಷದಿಂದ ಈ ವಾರ್ಡಿನಲ್ಲಿ ಇದನ್ನು ಮಾಡುತ್ತಿದ್ದೇನೆ. ಕೈಯನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿಕೊಂಡು, ಮುಟ್ಟಲೇ ಎಂದು ಕೇಳಿ, ಅವರು ಒಪ್ಪಿದ ಮೇಲೆ ಒಂದು ಅಂಗೈಯನ್ನು ಹೆಗಲ ಕೆಳಗಿಟ್ಟು ಇನ್ನೊಂದರಲ್ಲಿ ಅವರ ಕೈ ಹಿಡಿಯುವುದು. ಒತ್ತಬಾರದು, ತಿಕ್ಕಬಾರದು. ಅವರ ಉಸಿರಿನ ಜೊತೆ ನಮ್ಮ ಉಸಿರನ್ನು ಸೇರಿಸಿ ನಿಧಾನಕ್ಕೆ ಇಳಿಸುತ್ತಾ ಬರಬೇಕು. ಇದರಿಂದ ಗಾಯವೇನೂ ಮಾಯುವುದಿಲ್ಲ. ಆದರೆ ಬಿಗಿದುಕೊಂಡ ಮೈ ಸಡಿಲವಾಗುತ್ತದೆ, ಹೆದರಿಕೆ ಇಳಿಯುತ್ತದೆ, ಕೆಮ್ಮಲು ಧೈರ್ಯ ಬರುತ್ತದೆ. ಮೊನ್ನೆ ಪಕ್ಕದ ಗಂಡಸರ ವಾರ್ಡಿನಲ್ಲಿ ಆಪರೇಷನ್ ಆಗಿ ಮಲಗಿದ್ದ ಟೈಲರ್ ಒಬ್ಬ, "ಸಿಸ್ಟರ್, ನೀವು ಬೇಕಾದ್ರೆ ಮನೆಗೆ ಹೋಗಿ, ಕೈ ಮಾತ್ರ ಇಲ್ಲೇ ಬಿಟ್ಟುಹೋಗಿ" ಎಂದ. ಅಲ್ಲಿದ್ದ ರೋಗಿಗಳೆಲ್ಲ ಹೊಲಿಗೆ ಹಿಡಿದುಕೊಂಡು ನಕ್ಕರು.

ಅಮ್ಮನ ಹತ್ತಿರ ಮಾತ್ರ ನನ್ನ ವಿದ್ಯೆ ನಡೆಯುತ್ತಿಲ್ಲ. ನಾನು ಹೋದರೆ ಸಾಕು, ಕೈಯನ್ನು ಹೊದಿಕೆಯೊಳಗೆ ಎಳೆದುಕೊಳ್ಳುತ್ತಾಳೆ. "ಮುಟ್ಟಬೇಡ. ಕೊಯ್ಸಿದ್ದು ಸಾಲದಾ ನಿಂಗೆ?" ಬೇರೆ ನರ್ಸನ್ನು ಕಳಿಸಿದೆ, ಅವಳೂ ಬೇಡವಂತೆ. "ಹಾಗಾದ್ರೆ ಯಾರು ಬೇಕಮ್ಮಾ?" ಎಂದು ನಿನ್ನೆ ಕೇಳಿದೆ. ಮುಖವನ್ನು ಗೋಡೆಯ ಕಡೆ ತಿರುಗಿಸಿ, "ಸಣ್ಣಿ" ಎಂದಳು.

ಹೊರಗೆ ಕಳಿಸಿದವಳೇ ನಿನ್ನನ್ನು ಕೇಳುತ್ತಿದ್ದಾಳೆ. ಔಷಧಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ನನಗೆ ದಿಕ್ಕು ತೋಚುತ್ತಿಲ್ಲ ಕಣೇ. ಅಮ್ಮನ ಉಸಿರಾಟದ ಗೊರಗೊರ ಸದ್ದು ನನ್ನ ಮೇಜಿನವರೆಗೆ ಕೇಳಿಸುತ್ತದೆ. ಅದು ಏನೆಂದು ಬಲ್ಲವಳು ನಾನು, ಆದರೂ ಕೈಕಟ್ಟಿ ನಿಂತಿದ್ದೇನೆ.

ಇದನ್ನು ನಿಮ್ಮೂರ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತಿದ್ದೇನೆ, ಸಂಜೆಯೊಳಗೆ ತಲುಪಿಸುತ್ತಾರಂತೆ. ನಾಳೆ ಮೊದಲ ಬಸ್ಸಿಗೇ ಹೊರಡು. ಅವಳನ್ನು ಒರಗಿಸಿ ಕೂರಿಸುವುದು, ಹೊಟ್ಟೆಗೆ ದಿಂಬು ಆನಿಸಿ ಕೆಮ್ಮಿಸುವುದು, ಎಲ್ಲ ನಾನು ಹೇಳಿಕೊಡುತ್ತೇನೆ. ನೀನು ಕೈ ಹಿಡಿದರೆ ಸಾಕು. ನನ್ನ ಜೊತೆ ಮಾತಾಡದಿದ್ದರೂ ಚಿಂತೆಯಿಲ್ಲ.

ನಿನ್ನ ಸಂಸಾರ ತಣ್ಣಗಿರಲಿ. ನಿನ್ನ ಯಜಮಾನರಿಗೆ ನನ್ನ ನಮಸ್ಕಾರ ಹೇಳು. ಇದನ್ನು ಎರಡು ವರ್ಷ ಮೊದಲೇ ಹೇಳಬೇಕಿತ್ತು.

ನಿನ್ನ
ಅಕ್ಕ

ತಾ.ಕ.: ನಿನ್ನಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ಇವತ್ತು ಬೆಳಿಗ್ಗೆ ಜ್ವರದ ಮಂಪರಿನಲ್ಲಿ, ಕಣ್ಣು ಮುಚ್ಚಿಕೊಂಡೇ ಅಮ್ಮ "ಸಣ್ಣಿ, ಬಂದ್ಯಾ?" ಎಂದಳು. "ಹೂಂ ಅಮ್ಮಾ, ಬಂದೆ" ಎಂದುಬಿಟ್ಟೆ. ಕೇಳದೆ ಯಾರನ್ನೂ ಮುಟ್ಟದವಳು ನಾನು, ನಿನ್ನ ಹೆಸರು ಹೇಳಿ ಒಪ್ಪಿಗೆ ಕದ್ದೆ. ಅವಳ ಕೈ ತಾನಾಗಿಯೇ ಹೊದಿಕೆಯಿಂದ ಹೊರಗೆ ಬಂತು. ಅರ್ಧ ಗಂಟೆ ಹಿಡಿದುಕೊಂಡಿದ್ದೆ. ಎರಡು ಸಲ ಕೆಮ್ಮಿದಳು. ನನ್ನ ಬೆರಳುಗಳನ್ನು ಒಂದೊಂದಾಗಿ ಸವರಿದಳು. ನನಗೆ ನೆನಪಿರುವಷ್ಟರಲ್ಲಿ ಅಮ್ಮ ನನ್ನ ಕೈಯನ್ನು ಹಾಗೆ ಹಿಡಿದದ್ದು ಇದೇ ಮೊದಲು. ಆಮೇಲೆ ಪಿಸುದನಿಯಲ್ಲಿ, "ನಿಮ್ಮಕ್ಕಂಗೆ ಹೇಳ್ಬೇಡ, ಬಂದು ಕೈ ಬಿಡಿಸ್ತಾಳೆ" ಎಂದಳು.

"ಹೇಳಲ್ಲ ಅಮ್ಮಾ" ಎಂದೆ. ಅವಳು ಪೂರ್ತಿ ಕಣ್ಣು ಬಿಟ್ಟ ಮೇಲೆ ಈ ಸುಳ್ಳು ನಡೆಯುವುದಿಲ್ಲ. ನೀನು ಬಂದ ಮೇಲೆ ಆ ಕೈ ನನಗೆ ಮತ್ತೆ ಸಿಗುವುದೂ ಇಲ್ಲ, ಗೊತ್ತು. ಬೇಗ ಬಾ.