ಹಡಗಿನ ಹೊತ್ತು, ಊರಿನ ಹೊತ್ತು

ಅಕ್ಟೋಬರ್ 28, ಬುಧವಾರ, ಸಂಜೆ 5

ಮೇಣದಬತ್ತಿ ಕಿತ್ತುಕೊಂಡರು. ಹಡಗಿಗೆ ಕಾಲಿಡುವ ಮುಂಚೆಯೇ. ಎರಡೂ. ನೆವಾರ್ಕಿನಿಂದ ಟವೆಲಿನಲ್ಲಿ ಸುತ್ತಿ, ಎದೆಗವಚಿಕೊಂಡು ತಂದಿದ್ದೆ.

"ಬೆಂಕಿ ಹತ್ತೋ ಸಾಮಾನು ಒಳಗೆ ಬಿಡಲ್ಲ ಮೇಡಂ. ಕೊನೇ ದಿನ ವಾಪಸ್ ಕೊಡ್ತೀವಿ."

ಕೊನೆಯ ದಿನ ತಗೊಂಡು ಏನು ಮಾಡಲಿ? ಕೇಳಲಿಲ್ಲ. ಸಹಿ ಹಾಕಿದೆ. ಚೀಟಿ ಅಂಟಿಸಿ ಒಂದು ಪೆಟ್ಟಿಗೆಗೆ ಎಸೆದರು. ಅದರಲ್ಲಿ ಇಸ್ತ್ರಿಪೆಟ್ಟಿಗೆಗಳು, ಯಾರದೋ ಕಾಫಿ ಮಾಡುವ ಯಂತ್ರ, ನನ್ನ ಅಮ್ಮನ ದೀಪ.

ರೋಸಾನ್‌ಗೆ ನಗು. "ಪೆಟಾ, ಎಲ್ರೂ ಬಾಟಲಿ ಬಚ್ಚಿಟ್ಕೊಂಡು ಬರ್ತಾರೆ, ನೀನು ಮೇಣದಬತ್ತಿ!" ವೃದ್ಧಾಶ್ರಮದ ಅಡುಗೆಮನೆಯಲ್ಲಿ ಹದಿನಾರು ವರ್ಷ ಸೂಪು ಕಾಯಿಸಿದವಳು ಅವಳು. ನಾನು ಮೇಲಿನ ವಾರ್ಡಿನಲ್ಲಿ ಇಪ್ಪತ್ತು ವರ್ಷ ಮುದುಕರ ಹಾಸಿಗೆ ಬದಲಿಸಿದವಳು. ಅದಕ್ಕೆ ಬಹುಮಾನ ಈ ಪ್ರವಾಸ, ಇಬ್ಬರಿಗೆ ಒಂದೇ ಕೋಣೆ, ಕಿಟಕಿ ಇಲ್ಲ.

ಬೇಡ ಅನ್ನುವವಳಿದ್ದೆ. ಆಮೇಲೆ ಹಡಗು ನಿಲ್ಲುವ ಊರುಗಳ ಪಟ್ಟಿ ನೋಡಿದೆ. ನವೆಂಬರ್ 1, ರೋಸೋ, ಡೊಮಿನಿಕಾ. ಸಮಾಧಿಗಳಿಗೆ ದೀಪ ಹಚ್ಚುವ ಸತ್ತವರ ಹಬ್ಬದ ದಿನವೇ, ನನ್ನ ದ್ವೀಪ.

ಅಕ್ಟೋಬರ್ 29

ಸಮುದ್ರ. ತಿನ್ನುವುದು. ಮತ್ತೆ ತಿನ್ನುವುದು.

ಬೆಳಗ್ಗೆ ಆರಕ್ಕೇ ಈಜುಕೊಳದ ಸುತ್ತ ಎಲ್ಲ ಕುರ್ಚಿಗಳ ಮೇಲೂ ಟವೆಲ್. ಮನುಷ್ಯರಿಲ್ಲ. ಜಾಗ ಹಿಡಿದು ಮತ್ತೆ ಮಲಗಲು ಹೋಗಿದ್ದಾರೆ. ಒಬ್ಬ ಅಜ್ಜಿ ಒಂದು ಟವೆಲ್ ಸರಿಸಿ ಕೂತಳು, ಅದಕ್ಕೆ ಹತ್ತು ನಿಮಿಷ ಜಗಳ. ವಾರ್ಡಿನಲ್ಲಿ ಟಿವಿ ಮುಂದಿನ ಕುರ್ಚಿಗೂ ಇದೇ ಜಗಳ. ರಜೆಗೆ ಬಂದೆ ಅಂತ ಯಾರು ಹೇಳಿದ್ದು?

ಕೋಣೆ ನೋಡಿಕೊಳ್ಳುವ ಹುಡುಗನ ಹೆಸರು ವಯಾನ್, ಬಾಲಿಯವನು. ಟವೆಲಿನಲ್ಲಿ ಆನೆ ಮಾಡಿ ಹಾಸಿಗೆ ಮೇಲೆ ಕೂರಿಸಿದ್ದಾನೆ. ಅದರ ಕಾಲಡಿ ನಾಳೆಯ ಕಾರ್ಯಕ್ರಮದ ಹಾಳೆ. ಕೇಳಿದೆ, ಮನೆಗೆ ಹೋಗಿ ಎಷ್ಟು ದಿನ ಆಯ್ತು ಅಂತ.

"ಒಂಬತ್ತು ತಿಂಗಳು ಮೇಡಂ. ನಿಮ್ದು?"

"ಇಪ್ಪತ್ತೆರಡು ವರ್ಷ."

ತಮಾಷೆ ಅಂದುಕೊಂಡು ನಕ್ಕ.

ಅಕ್ಟೋಬರ್ 31, ಸಂಜೆ

ನಿನ್ನೆ ಬರೆಯಲು ಮನಸ್ಸಾಗಲಿಲ್ಲ. ಇವತ್ತು ಸೇಂಟ್ ಥಾಮಸ್ ದ್ವೀಪ. ಇಳಿಯಲಿಲ್ಲ.

ಹೊರಡುವ ಹೊತ್ತಿಗೆ ಮೇಲಿನ ಅಂತಸ್ತಿನಲ್ಲಿ ಜನವೋ ಜನ. ಕೈಯಲ್ಲಿ ಗ್ಲಾಸು, ಕಣ್ಣು ಹಡಗುಕಟ್ಟೆಯ ಮೇಲೆ. ಏನಿದೆ ಅಂತ ಬಗ್ಗಿದೆ. ತಡವಾಗಿ ಬಂದ ಗಂಡ ಹೆಂಡತಿ ಓಡಿ ಬರುತ್ತಿದ್ದಾರೆ. ಹೆಂಗಸಿನ ಚಪ್ಪಲಿ ಒಂದು ಕಡೆ, ಚೀಲ ಒಂದು ಕಡೆ. ಮೇಲಿನವರೆಲ್ಲ ಚಪ್ಪಾಳೆ, ಕೇಕೆ. "ಓಡಮ್ಮಾ ಓಡು!" ಇದು ಪ್ರತಿ ಊರಲ್ಲೂ ಇದ್ದದ್ದೇ ಅಂತೆ, ಬಿಟ್ಟಿ ಮನರಂಜನೆ. ರೋಸಾನ್ ಸಿಳ್ಳೆ ಹಾಕಿದಳು. ನಾನೂ ನಕ್ಕೆ. ಆಮೇಲೆ ಕೋಣೆಗೆ ಇಳಿದು ಬಂದೆ.

ಊರಿನಲ್ಲಿರುವ ಯೂಲಾಲಿ ಅಕ್ಕನಿಗೆ ಫೋನ್ ಮಾಡಿದೆ. ನಾಳೆ ಬರ್ತೀನಿ ಅಂದೆ.

"ಹಡಗಲ್ಲಿ?"

"ಹೂಂ."

"ಕೊರಳಿಗೆ ಕ್ಯಾಮೆರಾ ಹಾಕ್ಕೊಂಡು?"

"ಅಕ್ಕಾ, ಅಮ್ಮನ ಹತ್ರ ದೀಪ ಹಚ್ಚಬೇಕು. ಅಷ್ಟೇ."

"ಬರೋದಾದ್ರೆ ಬಾ. ಬರದಿದ್ರೂ ಅಮ್ಮನಿಗೆ ಅಭ್ಯಾಸ ಆಗಿದೆ."

ಅಮ್ಮ ಹೋಗಿ ಹದಿನಾಲ್ಕು ವರ್ಷ. ಆಗ ನನ್ನ ಹತ್ತಿರ ಕಾಗದಪತ್ರ ಇರಲಿಲ್ಲ. ಹೊರಗೆ ಹೋದರೆ ಅಮೆರಿಕದ ಬಾಗಿಲು ಮುಚ್ಚುತ್ತಿತ್ತು. ಮಣ್ಣಿಗೆ ಹೋಗಲಿಲ್ಲ. ಕಾಗದ ಕೈಗೆ ಬಂದು ಈಗ ನಾಲ್ಕು ವರ್ಷ. ಈ ನಾಲ್ಕು ವರ್ಷಕ್ಕೆ ನನ್ನ ಹತ್ತಿರ ಯಾವ ನೆಪವೂ ಇಲ್ಲ. ನಾಚಿಕೆ ಒಂದೇ.

ಹಾಸಿಗೆ ಮೇಲೆ ಇವತ್ತು ಟವೆಲಿನ ಕೋತಿ. ಕೆಳಗಿನ ಹಾಳೆ ಸಮೇತ ಎತ್ತಿ ಕುರ್ಚಿಗೆ ಹಾಕಿದೆ. ಸಮಯ ಮಾತ್ರ ರೋಸಾನ್ ಹೇಳಿದಳು: ಸಂಜೆ ಐದೂವರೆಗೆ ಎಲ್ಲರೂ ಒಳಗಿರಬೇಕು, ಆರಕ್ಕೆ ಹಡಗು ಬಿಡುತ್ತದೆ.

ನವೆಂಬರ್ 1, ಭಾನುವಾರ, ಬೆಳಗ್ಗೆ

ಬೆಟ್ಟ ಕಂಡಿತು. ಅಳಲಿಲ್ಲ. ಪಕ್ಕದಲ್ಲಿ ಒಬ್ಬ, "ಇಲ್ಲಿ ಬೀಚೇ ಇಲ್ವಂತೆ, ಇಳಿಯೋದು ದಂಡ" ಅಂದ. ತಳ್ಳಿಬಿಡೋಣ ಅನ್ನಿಸಿತು.

ನನ್ನ ಕೈಗಡಿಯಾರಕ್ಕೂ ಚರ್ಚಿನ ಗಡಿಯಾರಕ್ಕೂ ನಿಮಿಷದ ವ್ಯತ್ಯಾಸ ಇಲ್ಲ. ಒಳ್ಳೆಯ ಶಕುನ.

ಅದೇ ದಿನ, ರಾತ್ರಿ ಊಟದ ಹೊತ್ತು. ಊಟ ಬೇಡ.

ಎಲ್ಲಾ ಬರೆಯಬೇಕು. ಬರೆಯದಿದ್ದರೆ ನಾಳೆ ನನಗೆ ಬೇಕಾದ ಹಾಗೆ ತಿದ್ದಿಕೊಂಡುಬಿಡುತ್ತೇನೆ.

ಅಕ್ಕ ಮುದುಕಿಯಾಗಿದ್ದಾಳೆ. ಅಪ್ಪಿಕೊಳ್ಳಲಿಲ್ಲ. ತಟ್ಟೆ ಇಟ್ಟಳು. ಬೇಯಿಸಿದ ಡಶೀನ್ ಗೆಡ್ಡೆ, ಉಪ್ಪು ಮೀನು. ತಿಂದೆ. ಆಮೇಲೆ ಪೊರಕೆ ಕೈಗೆ ಕೊಟ್ಟಳು. ಇಬ್ಬರೂ ಗುಡ್ಡದ ಮೇಲಿನ ಸಮಾಧಿಗೆ ಹೋದೆವು. ಊರಿಗೆ ಊರೇ ಅಲ್ಲಿತ್ತು. ಕಳೆ ಕೀಳುವವರು, ಸುಣ್ಣ ಬಳಿಯುವವರು. ಗುರುತು ಹಿಡಿದವರು ಗುರುತಿಲ್ಲದವರ ಹಾಗೆ ನೋಡಿದರು.

ಅಮ್ಮನ ಕಲ್ಲಿನ ತಲೆಯ ಹತ್ತಿರ ಎರಡು ಮೇಣದಬತ್ತಿ. ಒಂದು ಹೊಸದು, ಅಕ್ಕನದು. ಇನ್ನೊಂದು ಹಳದಿಗಟ್ಟಿ, ಬಿಸಿಲಿಗೆ ಸೊಟ್ಟಗಾಗಿದೆ. ಬತ್ತಿ ಮಾತ್ರ ಬೆಳ್ಳಗೆ.

"ಇದು ಯಾರ್ದು?"

"ನಿಂದು. ಪ್ರತಿ ವರ್ಷ ತಂದಿಡ್ತೀನಿ, ವಾಪಸ್ ತಗೊಂಡು ಹೋಗ್ತೀನಿ. ನಿನ್ನ ಪಾಲಿನ ದೀಪ ನಾನು ಹಚ್ಚೋ ಹಾಗಿಲ್ವಲ್ಲ."

ನಮ್ಮ ಮನೆಯಲ್ಲಿ ಹಾಗೆಯೇ. ಒಂದೊಂದು ಮಗುವಿಗೂ ಒಂದೊಂದು ದೀಪ. ಹಚ್ಚುವುದು ಸೂರ್ಯ ಮುಳುಗಿದ ಮೇಲೆ. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ನಾಲ್ಕೂ ಮುಕ್ಕಾಲಿಗೆ ಗಡಿಯಾರ ನೋಡಿಕೊಂಡು ಅಂದೆ:

"ಅಕ್ಕಾ, ಈಗಲೇ ಹಚ್ಚಿಬಿಡ್ತೀನಿ. ಐದೂವರೆಗೆ ಹಡಗಲ್ಲಿರಬೇಕು."

"ಹಾಡುಹಗಲಲ್ಲಾ? ಅಮ್ಮ ಏನು ಕುರುಡೀನಾ, ಬಿಸಿಲಲ್ಲಿ ದೀಪ ಹಿಡಿಯೋಕೆ?"

"ನನ್ನ ಬಿಟ್ಟು ಹೊರಟುಬಿಡುತ್ತೆ."

"ಹೊರಡಲಿ ಬಿಡು. ಮನೇಲಿ ಹಾಸಿಗೆ ಇದೆ."

"ಪಾಸ್‌ಪೋರ್ಟ್ ಅಲ್ಲಿದೆ. ಕೆಲಸ ಇದೆ. ನಿನಗೆ ಅರ್ಥ ಆಗಲ್ಲ."

"ಆಗುತ್ತೆ ಪೆಟಾ. ಮುಕ್ಕಾಲು ಗಂಟೆ ಕೇಳ್ತಿದೀನಿ. ಹದಿನಾಲ್ಕು ವರ್ಷಕ್ಕೆ ಮುಕ್ಕಾಲು ಗಂಟೆ."

ನನಗೆ ಕಣ್ಣ ಮುಂದೆ ನಿನ್ನೆಯ ಹೆಂಗಸು, ಅವಳ ಚಪ್ಪಲಿ, ಮೇಲಿನ ಕೇಕೆ. ಎದ್ದೆ. ಊರಿನವರೆಲ್ಲ ನೋಡುತ್ತಿದ್ದರು. ಅಕ್ಕ ತಿರುಗಲಿಲ್ಲ. ಆ ಸೊಟ್ಟ ಮೇಣದಬತ್ತಿಯನ್ನು ನೆಟ್ಟಗೆ ನಿಲ್ಲಿಸಲು ಒದ್ದಾಡುತ್ತಿದ್ದಳು.

ಸಿಕ್ಕಿದ ಕೊನೆಯ ವ್ಯಾನು ಹತ್ತಿದೆ. ಕಟ್ಟೆಯ ಉದ್ದಕ್ಕೂ ಓಡಿದೆ. ಐವತ್ತೆಂಟು ವರ್ಷದ ಮಂಡಿ. ತಲೆ ಎತ್ತಿ ನೋಡಿದರೆ ಮೇಲೆ ಯಾರೂ ಇಲ್ಲ. ಕೇಕೆ ಇಲ್ಲ. ಬಾಗಿಲ ಕಾವಲಿನವನು ಆಕಳಿಸುತ್ತಿದ್ದ.

"ಯಾಕ್ ಮೇಡಂ ಓಡ್ತೀರ? ಈಗಿನ್ನೂ ನಾಲ್ಕೂ ಕಾಲು."

"ಐದೂ ಕಾಲು!"

"ಅದು ಊರಿನ ಟೈಮು. ಹಡಗಿಗೆ ಅಮೆರಿಕದ ಟೈಮಲ್ವಾ. ರಾತ್ರಿ ಒಂದು ಗಂಟೆ ಹಿಂದಕ್ಕೆ ಹಾಕಿದ್ದೀವಿ. ಹಾಳೇಲಿ ಬರೆದಿತ್ತು."

ಕೋತಿಯ ಕೆಳಗಿನ ಹಾಳೆ.

ನವೆಂಬರಿನ ಮೊದಲ ಭಾನುವಾರ, ಚಳಿಗಾಲಕ್ಕೆಂದು ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹಾಕುವ ದಿನ. ಪ್ರತಿ ವರ್ಷ ಈ ದಿನ ವಾರ್ಡಿನ ಹನ್ನೊಂದು ಗಡಿಯಾರಗಳನ್ನು ಸ್ಟೂಲು ಹತ್ತಿ ಹಿಂದಕ್ಕೆ ತಿರುಗಿಸುವವಳು ನಾನೇ. ಇಪ್ಪತ್ತು ವರ್ಷ. ಒಮ್ಮೆಯೂ ಮರೆತಿಲ್ಲ. ನನ್ನ ದ್ವೀಪದಲ್ಲಿ ಯಾರೂ ಗಡಿಯಾರ ತಿರುಗಿಸುವುದಿಲ್ಲ. ಇವತ್ತು ಒಂದೇ ದಿನ ನಾನು ಊರಿನವಳಾದೆ, ನೋಡಿ ಬೇಕಾದರೆ.

ವಾಪಸ್ ಓಡಿದೆ. ಇನ್ನೂ ಒಂದೂಕಾಲು ಗಂಟೆ ಇದೆ. ಹೋಗಿ ಹಚ್ಚಿ ಬರಬಹುದು. ಟ್ಯಾಕ್ಸಿ ನಿಲ್ದಾಣ ಖಾಲಿ. ಒಬ್ಬ ಮುದುಕ ಕಾರಿನ ಬಾಗಿಲು ಹಾಕುತ್ತಿದ್ದ. ಬಿಳಿ ಅಂಗಿ. ಪಕ್ಕದ ಸೀಟಿನಲ್ಲಿ ಹೂವು, ಮೇಣದಬತ್ತಿಯ ಪೊಟ್ಟಣ.

"ಎಷ್ಟಾದ್ರೂ ಕೊಡ್ತೀನಿ, ಕರ್ಕೊಂಡು ಹೋಗಿ."

ನನ್ನ ಮಾತಿನಲ್ಲಿ ಊರು ಗುರುತಿಸಿದ. "ನೀನು ಇಲ್ಲಿಯವಳೇ ಅಲ್ವೇನಮ್ಮ? ಇವತ್ತು, ಈ ಹೊತ್ತಲ್ಲಿ ಯಾವ ಗಾಡಿ ಸಿಗುತ್ತೆ ಹೇಳು. ನನ್ನಮ್ಮ ಕಣಿವೆ ಆ ಕಡೆ ಮಲಗಿದ್ದಾಳೆ, ಕಾಯ್ತಿರ್ತಾಳೆ."

ಹೋದ.

ನಡೆದೆ. ಕೊಲ್ಲಿಯ ತಿರುವಿನವರೆಗೆ. ಅಲ್ಲಿಗೆ ಮಂಡಿ ಕೈಕೊಟ್ಟಿತು. ಸೂರ್ಯ ಇಳಿದ. ದೂರದ ಗುಡ್ಡದಲ್ಲಿ ಒಂದು ದೀಪ, ಆಮೇಲೆ ಹತ್ತು, ಆಮೇಲೆ ಗುಡ್ಡವೇ ಹೊತ್ತಿಕೊಂಡ ಹಾಗೆ. ನಮ್ಮ ಗುಡ್ಡವೇ. ರಸ್ತೆ ಬದಿಯ ಗೋಡೆ ಮೇಲೆ ಕೂತೆ.

ಫೋನ್ ಬಂತು. ಅಕ್ಕ. ಹಿಂದೆ ಜನ ಹಾಡುತ್ತಿದ್ದರು.

"ಹಡಗು ಹತ್ತಿದೆಯಾ?"

ನಿಜ ಹೇಳಬಹುದಿತ್ತು. ಸುಮ್ಮನೆ ಎದ್ದು ಬಂದೆ ಅಕ್ಕಾ, ಸಮಯ ಇತ್ತು, ಒಂದು ಹಾಳೆ ಓದಲಿಲ್ಲ.

"ಹೂಂ. ಹೊರಟಾಯ್ತು. ಸಮುದ್ರದಲ್ಲಿದ್ದೀನಿ. ಅಲ್ಲಿನ ದೀಪ ಎಲ್ಲಾ ಕಾಣ್ತಿದೆ, ತುಂಬಾ ಚೆನ್ನಾಗಿದೆ."

ಹಾಡು ಒಂದು ಮುಗಿಯಿತು.

"ಪೆಟಾ, ನಿನ್ನ ಹಡಗು ನನಗೂ ಇಲ್ಲಿಂದ ಕಾಣುತ್ತೆ. ಕಟ್ಟೇಲೇ ನಿಂತಿದೆ."

ಫೋನ್ ಇಟ್ಟಳು.

ಬಾಗಿಲು ಮುಚ್ಚಲು ಹತ್ತು ನಿಮಿಷ ಇರುವಾಗ ಒಳಗೆ ಬಂದೆ. ಕುಂಟುತ್ತ. ಈಗ ಮೇಲೆ ಜನ ಇದ್ದರು. ಚಪ್ಪಾಳೆ ತಟ್ಟಿದರು.

ನವೆಂಬರ್ 3

ಸಮುದ್ರ.

ವಯಾನ್‌ಗೆ ಹೇಳಿದೆ, ಪ್ರಾಣಿ ಬೇಡಪ್ಪ, ಬರೀ ಹಾಳೆ ಇಡು. ಬೇಜಾರು ಮಾಡಿಕೊಂಡ ಪಾಪ. ಅವನದೇನು ತಪ್ಪು. ಅಕ್ಕನಿಗೆ ಆರು ಸಲ ಫೋನ್ ಮಾಡಿದೆ. ಎತ್ತುತ್ತಿಲ್ಲ.

ನವೆಂಬರ್ 5

ಇಳಿದೆವು. ಮೇಣದಬತ್ತಿ ವಾಪಸ್ ಕೊಟ್ಟರು, ಚೀಟಿ ಸಮೇತ. ಜೋಪಾನವಾಗಿ ಇಟ್ಟಿದ್ದಾರೆ, ಒಂದು ಗೀರೂ ಇಲ್ಲ. ಹೇಗಿತ್ತು ಪ್ರವಾಸ ಅಂತ ಒಂದು ಹಾಳೆ, ಐದು ನಕ್ಷತ್ರ ತುಂಬಬೇಕಂತೆ. ರೋಸಾನ್ ನನ್ನದನ್ನೂ ತುಂಬಿದಳು. ಐದಕ್ಕೆ ಐದು.

ನವೆಂಬರ್ 6, ಸಂಜೆ 4:20, ಮನೆ

ನೆವಾರ್ಕ್. ಅಡುಗೆಮನೆಯ ಕಿಟಕಿಯಲ್ಲಿ ಎರಡು ಮೇಣದಬತ್ತಿ. ಬೆಂಕಿಪೊಟ್ಟಣ ಕೈಯಲ್ಲಿದೆ. ಹಚ್ಚಿಲ್ಲ. ಹೊರಗೆ ಇನ್ನೂ ಬೆಳಕಿದೆ. ಇಲ್ಲಿ ನಾಲ್ಕೂ ಇಪ್ಪತ್ತಾದರೆ ಅಲ್ಲಿ ಐದೂ ಇಪ್ಪತ್ತು. ಈಗ ಲೆಕ್ಕ ಸರಿಯಾಗಿ ಬರುತ್ತಿದೆ.

ಎರಡರಲ್ಲಿ ಒಂದನ್ನೂ ಹಚ್ಚುವುದಿಲ್ಲ. ನನ್ನ ದೀಪ ಅಲ್ಲಿದೆ, ಸೊಟ್ಟಗೆ, ಅಕ್ಕನ ಕಪಾಟಿನಲ್ಲಿ. ಇಲ್ಲಿ ಹಚ್ಚಿದರೆ ಅದು ಇನ್ನೊಂದು ಸುಳ್ಳು.

ಅಕ್ಕನಿಗೆ ಫೋನ್ ಹೋಗುತ್ತಿದೆ. ಈ ಸಲ ಎತ್ತಿದಳು. "ಏನು" ಅಂದಳು, ಅಷ್ಟೇ. ಬರೆಯುತ್ತಲೇ ಹೇಳುತ್ತೇನೆ, ತಪ್ಪಿಸಿಕೊಳ್ಳಬಾರದು. ಅಕ್ಕಾ, ಅವತ್ತು ಹಡಗು ಹೊರಟಿರಲಿಲ್ಲ, ಇನ್ನೂ ಸಮಯ ಇತ್ತು, ನಾನು…