ಎರಡು ಸಲ ಅದ್ದಿದ ಕೆಂಪು

ತಮ್ಮಾ,

ನನಗೆ ಸೋಮವಾರ ಆಪರೇಷನ್. ಮೂತ್ರಪಿಂಡದಿಂದ ಕೆಳಗಿಳಿಯುವ ನಾಳದಲ್ಲಿ ಗಡ್ಡೆ. ಕ್ಯಾನ್ಸರಂತೆ, ಅದೂ ಅಪರೂಪದ್ದಂತೆ. ಅಮ್ಮನಿಗೆ ಕಲ್ಲು ಎಂದಷ್ಟೇ ಹೇಳು.

ಮೂತ್ರ ಯಾವ ಬಣ್ಣವಿತ್ತೆಂದು ಡಾಕ್ಟರಮ್ಮ ಕೇಳಿದರು. "ದಾಳಿಂಬೆ ಕೆಂಪು ಮೇಡಂ, ಎರಡು ಸಲ ಅದ್ದಿದ್ದು" ಎಂದೆ. "ಇಷ್ಟು ಚೆನ್ನಾಗಿ ಗುರುತು ಹಿಡಿಯೋರು ಆರು ತಿಂಗಳು ಯಾಕ್ರೀ ಸುಮ್ನಿದ್ರಿ?" ಎಂದು ರೇಗಿದರು. ನೂಲಿಗೆ ಬಣ್ಣ ಹಾಕುವ ನಮ್ಮ ಬೆವರು, ಉಗುಳು ಎಲ್ಲಕ್ಕೂ ಬಣ್ಣ, ಇದೂ ಬಣ್ಣದ ತೊಟ್ಟಿಯದೇ ಅಂದುಕೊಂಡೆ ಎಂದು ಯಾವ ಬಾಯಲ್ಲಿ ಹೇಳಲಿ? ಅದು ರಕ್ತವಂತೆ. ಇಪ್ಪತ್ತೆರಡು ವರ್ಷದಲ್ಲಿ ನಾನು ತಪ್ಪಾಗಿ ಗುರುತಿಸಿದ ಬಣ್ಣ ಇದೊಂದೇ.

ತೊಟ್ಟಿಯ ಪಕ್ಕದ ಮೊಳೆಯಲ್ಲಿ ನನ್ನ ಗ್ಲೌಸ್ ಇದೆ. ಬಣ್ಣದ ವಿಷ ಕೈಯಿಂದಲೇ ಮೈಯೊಳಗೆ ಇಳಿಯುತ್ತದಂತೆ. ನಾನು ಒಂದು ದಿನವೂ ಹಾಕಲಿಲ್ಲ, ನೀನು ಹಾಕಿಕೋ.

ಹೋದ ತಿಂಗಳು ಪಾಯಿಖಾನೆಯಿಂದ ಬಂದು, "ಅಣ್ಣಾ, ನಂದು ಒಂದೇ ಸಲ ಅದ್ದಿದ್ದು!" ಎಂದು ನಕ್ಕಿದ್ದೆಯಲ್ಲ, ನಾನೂ ನಕ್ಕಿದ್ದೆ. ಮೂರು ದಿನದಿಂದ ಆ ಮಾತೇ ತಲೆ ಕೊರೆಯುತ್ತಿದೆ. ಪತ್ರದ ಜೊತೆ ನಿನ್ನ ಅತ್ತಿಗೆ ಆಸ್ಪತ್ರೆಯ ಡಬ್ಬಿಯೊಂದನ್ನು ಕೊಡುತ್ತಾಳೆ. ತಲೆಹರಟೆ ಮಾಡದೆ ನಾಳೆ ಬೆಳಿಗ್ಗೆ ತುಂಬಿಸಿಕೊಂಡು ಬಾ.

ಬಣ್ಣ ಯಾವುದೆಂದು ನೀನು ಹೇಳಬೇಡ. ಅವರೇ ಹೇಳಲಿ.

ನಿನ್ನ ದಾರಿ ನೋಡುತ್ತಿರುವ
ಅಣ್ಣ